ಮನೆಯಲ್ಲಿ ಹೆಣ್ಣುಮಕ್ಕಳು ಯಾರಿದ್ದಾರೆ

ಅಕ್ಕನನ್ನು ನೋಡಿಕೊಳ್ಳಲು ಒಬ್ಬ ಹೆಂಗಸು ಬೇಕೆಂದು ಗೋಕಾಕದಲ್ಲಿ ಹುಡುಕತೊಡಗಿದಾಗ ಫೋನಿನಲ್ಲಿ ನನಗೆ ಮೊದಲು ಎದುರಾಗುತ್ತಿದ್ದ ಪ್ರಶ್ನೆ ಪಗಾರದ್ದಾಗಿರಲಿಲ್ಲ. ಎಷ್ಟು ತಾಸಿನ ಕೆಲಸ, ಎತ್ತಿ ಕೂರಿಸಬೇಕೋ ಬೇಡವೋ, ಇದೂ ಅಲ್ಲ. "ಮನ್ಯಾಗ ಹೆಣ್ಮಕ್ಕಳು ಯಾರದಾರ್ರಿ?" ಎಂದು ಕೇಳುತ್ತಿದ್ದರು. "ಯಾರೂ ಇಲ್ರಿ, ನಾನೊಬ್ಬನ," ಎಂದು ನಾನು ಹೇಳುತ್ತಿದ್ದೆ. ಆಮೇಲೆ, ವಿಚಾರ ಮಾಡಿ ತಿಳಿಸುತ್ತೇವೆ ಎನ್ನುತ್ತಿದ್ದರು. ಯಾರೂ ತಿಳಿಸಲಿಲ್ಲ.

ಹೀಗೆ ಎಷ್ಟು ಜನ ಕೇಳಿದರು ಎಂಬುದರಲ್ಲಿ ನನಗೂ ಅಕ್ಕನಿಗೂ ಒಮ್ಮತವಿಲ್ಲ. ನಾಲ್ವರು ಎಂದು ನನ್ನ ನೆನಪು. ಏಳು ಎಂದು ಅವಳದು. ಅವಳು ಒಳಕೋಣೆಯಲ್ಲಿ ಮಲಗಿಕೊಂಡೇ ನನ್ನ ಫೋನಿನ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅವಳಿಗೆ ಬೇರೆ ಕೆಲಸವಿರಲಿಲ್ಲ, ಆದ್ದರಿಂದ ಏಳೇ ಇರಬೇಕು. ಇಪ್ಪತ್ತು ವರ್ಷದಿಂದ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದೇನೆ. ಒಬ್ಬನೇ ಸಾಕ್ಷಿ ಹೇಳಿದ್ದನ್ನು ನಂಬಬೇಡಿ ಎಂದು ಪ್ರತಿ ವರ್ಷ ಜೂನ್ ತಿಂಗಳಲ್ಲಿ ಹೊಸ ಮಕ್ಕಳಿಗೆ ಹೇಳುತ್ತೇನೆ. ಆ ಒಬ್ಬ ಸಾಕ್ಷಿ ನಾನೇ ಆಗಿರುವಾಗ ಏನು ಮಾಡಬೇಕೆಂದು ಧಾರವಾಡದಲ್ಲಿ ಎಂ.ಎ. ಓದುವಾಗ ನನಗೆ ಯಾರೂ ಕಲಿಸಿರಲಿಲ್ಲ. ಐವತ್ತರ ಹತ್ತಿರ ಬಂದ ಮೇಲೆ ನನ್ನ ನೆನಪು ಜಾರುತ್ತಿದೆಯೋ, ಅಥವಾ ಮೊದಲಿನಿಂದಲೂ ಹೀಗೇ ಇದ್ದು ಈಗಷ್ಟೇ ಅದನ್ನು ತಪಾಸಣೆ ಮಾಡುವವರು ಮನೆಯಲ್ಲಿ ಬಂದು ಕೂತಿದ್ದಾರೋ, ಗೊತ್ತಿಲ್ಲ.

ಅಕ್ಕ ಹುಕ್ಕೇರಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡು ಬೆಲ್ಲದ ಬಾಗೇವಾಡಿಯಲ್ಲಿ ಕನ್ನಡ ಸಾಲಿಯ ಟೀಚರ್ ಆಗಿದ್ದಳು. ನಮ್ಮ ಕಡೆ ಟೀಚರಿಗೆ ಅಕ್ಕಾರು ಎನ್ನುತ್ತಾರೆ. ಹಾಗಾಗಿ ಅವಳು ನನಗೊಬ್ಬನಿಗೇ ಅಲ್ಲ, ಮೂವತ್ತು ವರ್ಷ ಒಂದು ಊರಿಗೇ ಅಕ್ಕ. ಮೂರು ವರ್ಷದ ಹಿಂದೆ ಜೊತೆಯ ಟೀಚರ್ ಒಬ್ಬರ ಸ್ಕೂಟರಿನ ಹಿಂದೆ ಕೂತು ಬರುವಾಗ ಗಾಡಿ ರಸ್ತೆಯ ಉಬ್ಬಿನ ಮೇಲೆ ಹಾರಿತು. ಮುಂದೆ ಕೂತವರಿಗೆ ಮೊಣಕೈ ತರಚಿತು, ಅಷ್ಟೆ. ಅಕ್ಕನಿಗೆ ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದ ಕೆಳಗಿನ ಭಾಗ ಸ್ಪರ್ಶವನ್ನೂ ಚಲನೆಯನ್ನೂ ಕಳೆದುಕೊಂಡಿತು. ಕೈಗಳು ಚೆನ್ನಾಗಿವೆ. ಮಾತು ಮೊದಲಿಗಿಂತ ಹರಿತವಾಗಿದೆ. ಅವಳೂ ಮದುವೆಯಾಗಲಿಲ್ಲ, ನಾನೂ ಆಗಲಿಲ್ಲ. ಆಸ್ಪತ್ರೆಯಿಂದ ಅವಳನ್ನು ನೇರವಾಗಿ ಗೋಕಾಕದ ನನ್ನ ಮನೆಗೆ ಕರೆತಂದೆ. ಪುಸ್ತಕದ ಕಪಾಟುಗಳನ್ನು ಪಡಸಾಲೆಗೆ ಎಳೆದು ಒಳಕೋಣೆಯಲ್ಲಿ ಮಂಚ, ಗಾಳಿ ತುಂಬುವ ಗಾದಿ, ಗಾಲಿಕುರ್ಚಿ ಇಟ್ಟೆವು.

ಎರಡೂವರೆ ವರ್ಷ ನಮ್ಮನ್ನು ದಾಟಿಸಿದವರು ಬಾಜೂಮನೆಯವರು, ಚಿಕ್ಕಮ್ಮನಂತೆ ನಾವು ಕಾಕು ಎಂದು ಕರೆಯುವವರು. ಅವರದು ಕಿರಾಣಿ ವ್ಯಾಪಾರದ ಮನೆ. ಅರವತ್ತೈದು ದಾಟಿದ ಹೆಂಗಸು. ಮೂರು ದಿನಕ್ಕೊಮ್ಮೆ ಬೆಳಿಗ್ಗೆ ಲಿಂಗಪೂಜೆ ಮುಗಿಸಿಕೊಂಡು ಬಂದು ಅಕ್ಕನಿಗೆ ಸ್ನಾನ ಮಾಡಿಸುತ್ತಿದ್ದರು. ಅಕ್ಕನನ್ನು ಎತ್ತಿ ಬಚ್ಚಲಿನ ಕುರ್ಚಿಯಲ್ಲಿ ಕೂರಿಸುವವರೆಗೆ ನನ್ನ ಕೆಲಸ, ಅಲ್ಲಿಂದ ನಾನು ಹೊರಗೆ. ಒಳಗಿನಿಂದ ಕಾಕು ನನಗೆ ಕೇಳಿಸುವಂತೆಯೇ ಹೇಳುತ್ತಿದ್ದರು: "ನಿಮ್ಮ ತಮ್ಮಗ ಸತ್ತವರ ಸುದ್ದಿ ಎಲ್ಲಾ ಗೊತ್ತೈತಿ ನೋಡ್ರಿ ಅಕ್ಕಾರ. ಬದುಕಿದ್ದವರ ತಲಿಗೆ ಎಣ್ಣಿ ಹಚ್ಚೂದು ಗೊತ್ತಿಲ್ಲ." ಈ ವರ್ಷ ಬೇಸಿಗೆಯ ಹೊತ್ತಿಗೆ ಕಾಕುವಿನ ಮೊಣಕಾಲು ಪೂರ್ತಿ ಕೈಕೊಟ್ಟವು. ಆಪರೇಶನ್ನಿಗೆಂದು ಹುಕ್ಕೇರಿಯ ಮಗಳ ಮನೆಗೆ ಹೋದರು. ಹೋಗುವಾಗ ಅಕ್ಕನ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದರು. ಮರಳಿ ಬಂದರೂ ಇನ್ನು ಬಗ್ಗಿ ಏಳುವ ಕೆಲಸ ಅವರಿಂದಾಗದು ಎಂಬುದು ಮೂವರಿಗೂ ಗೊತ್ತಿತ್ತು.

ಆಗ ಶುರುವಾದದ್ದು ನನ್ನ ಹುಡುಕಾಟ. ಔಷಧಿ ಅಂಗಡಿಯವರಿಗೆ ಹೇಳಿದೆ, ಕಾಲೇಜಿನ ಜವಾನರಿಗೆ ಹೇಳಿದೆ, ಡಾಕ್ಟರ ಕಂಪೌಂಡರಿಗೆ ಹೇಳಿದೆ. ದೂರದ ನಗರದ ಒಂದು ಏಜೆನ್ಸಿಯವರು ತಮ್ಮಲ್ಲಿ ಹೆಂಗಸರಿಲ್ಲವೆಂದು ಒಬ್ಬ ಗಂಡಸನ್ನು ಕಳಿಸಿದರು. ತರಬೇತಿ ಪಡೆದವನು, ಸಭ್ಯ, ಕೈಗವಸು ತಾನೇ ತಂದಿದ್ದ. ಅಕ್ಕ ಅವನಿಗೆ ಚಹಾ ಕೊಡಿಸಿ, ಊರು ಕೇರಿ ವಿಚಾರಿಸಿ, ಮಧ್ಯಾಹ್ನದ ಬಸ್ಸಿಗೆ ಹತ್ತಿಸಲು ನನಗೆ ಹೇಳಿದಳು. ಮಮದಾಪುರದಿಂದ ಒಬ್ಬ ಹೆಣ್ಣುಮಗಳು ಅತ್ತೆಯ ಜೊತೆ ಬಂದಳು. ಸುಗ್ಗಿ ಮುಗಿದಿತ್ತು, ಕೆಲಸ ಬೇಕಾಗಿತ್ತು. ಅತ್ತೆ ಹೊಸ್ತಿಲ ಹೊರಗೇ ನಿಂತು ಅದೇ ಪ್ರಶ್ನೆ ಕೇಳಿದರು, ನಾನು ಅದೇ ಉತ್ತರ ಹೇಳಿದೆ. ಅವರು ನನ್ನನ್ನೂ, ನನ್ನ ಹಿಂದಿನ ಪುಸ್ತಕದ ಗೋಡೆಯನ್ನೂ ನೋಡಿ, ಸೊಸೆಯ ಸೆರಗು ಹಿಡಿದುಕೊಂಡು ತಿರುಗಿದರು. ಸಿಟ್ಟಿನಿಂದಲ್ಲ, ಕೆಸರು ಕಂಡು ದಾರಿ ಬದಲಿಸುವವರ ಹಾಗೆ.

ನಾನು ವಿಶ್ವಾಸಾರ್ಹ ಹೆಂಗಸನ್ನು ಹುಡುಕುತ್ತಿದ್ದೆ. ಆಧಾರ್ ನೋಡಬೇಕು, ಮೊದಲು ಕೆಲಸ ಮಾಡಿದ ಮನೆಯವರ ಹತ್ತಿರ ವಿಚಾರಿಸಬೇಕು ಎಂದೆಲ್ಲ ಪಟ್ಟಿ ಮಾಡಿಟ್ಟುಕೊಂಡಿದ್ದೆ. ಆ ಪಟ್ಟಿಯನ್ನು ಮಡಚಿ ಎಲ್ಲೋ ಇಟ್ಟದ್ದು ಇವತ್ತಿಗೂ ಸಿಕ್ಕಿಲ್ಲ. ಬೇಕಾಗಿಯೂ ಇರಲಿಲ್ಲ. ವಿಶ್ವಾಸದ ಪರೀಕ್ಷೆಗೆ ಕೂತವನು ನಾನು, ನಾಪಾಸಾಗುತ್ತಿದ್ದವನೂ ನಾನೇ.

ಕಾಕು ಹೋಗಿ ಹನ್ನೊಂದು ದಿನವಾಗಿತ್ತು. ಈ ಅಂಕಿಯನ್ನು ಗಟ್ಟಿಯಾಗಿ ಹೇಳಬಲ್ಲೆ, ಯಾಕೆಂದರೆ ಡಾಕ್ಟರು ಬಂದು ನೋಡಿದ್ದು ಅದರ ಹಿಂದಿನ ದಿನ. ಅಕ್ಕನ ಟೊಂಕದ ಕೆಳಗೆ ಚರ್ಮ ಕೆಂಪಾಗಿತ್ತು. ಚೊಕ್ಕವಾಗಿ ತೊಳೆದು ಒಣಗಿಸದಿದ್ದರೆ ಹುಣ್ಣು ಬಿಡುತ್ತದೆ, ಒಮ್ಮೆ ಬಾಯಿ ಬಿಟ್ಟರೆ ತಿಂಗಳುಗಟ್ಟಲೆ ಮಾಯುವುದಿಲ್ಲ, ಬೆಳಗಾವಿಗೆ ಒಯ್ಯಬೇಕಾಗುತ್ತದೆ ಎಂದು ಹೇಳಿ ಹೋಗಿದ್ದರು. ಹಾಸಿಗೆಯಲ್ಲಿ ಕೂತು ಒದ್ದೆ ಬಟ್ಟೆಯಿಂದ ಅಕ್ಕ ತನ್ನ ಕೈ ತಾಗುವಷ್ಟು ಒರೆಸಿಕೊಳ್ಳುತ್ತಿದ್ದಳು. ಕೈ ತಾಗದ ಕಡೆಯೇ ಕೆಂಪಿತ್ತು.

ಆ ಬೆಳಿಗ್ಗೆ ನಾನು ಬಾಯ್ಲರ್ ಉರಿಸಿ ನೀರು ಕಾಯಿಸಿದೆ. ಅವಳ ಮುಂದೆ ನಿಂತು ಒಂದು ಭಾಷಣ ಮಾಡಿದೆ. ದೇಹವೆಂದರೆ ದೇಹ, ನಾವಿಬ್ಬರೂ ಓದಿದವರು, ಆಸ್ಪತ್ರೆಯಲ್ಲಿ ಯಾರು ಯಾರೋ ನೋಡಲಿಲ್ಲವೆ, ತಮ್ಮನ ಮುಂದೆ ಎಂಥ ನಾಚಿಕೆ, ಹೀಗೆ. ಭಾಷಣ ನನಗೆ ಶಬ್ದಶಃ ನೆನಪಿದೆ. ಅವಳು "ಆತು" ಎಂದದ್ದೂ ನೆನಪಿದೆ. ಅಥವಾ ನೆನಪಿದೆ ಎಂದು ಬಹಳ ದಿನ ಅಂದುಕೊಂಡಿದ್ದೆ. ನೈಟಿ ತೆಗೆಯದೆಯೇ ಕೂರಿಸಿದೆ, ನೀರು ಹಾಕಿದೆ, ಸಾಬೂನು ಹಚ್ಚಿದೆ, ಡಾಕ್ಟರು ಹೇಳಿದ ಜಾಗ ತೊಳೆದು ಒಣಗಿಸಿದೆ. ಅಷ್ಟೂ ಹೊತ್ತು ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿ ಕಣ್ಣು ಮುಚ್ಚಿಕೊಂಡಿದ್ದಳು. ಎರಡೂ ಕೈಗಳಿಂದ ಕುರ್ಚಿಯ ಹಿಡಿಕೆ ಹಿಡಿದುಕೊಂಡಿದ್ದಳು. ಒಂದು ಮಾತೂ ಆಡಲಿಲ್ಲ. ಮಾತೇ ಉಸಿರಾಗಿದ್ದ ಅಕ್ಕ.

ಮರುದಿನ ಎಂದಿನಂತೆ ಪೇಪರು ಓದಿ ಮಂತ್ರಿಗಳನ್ನು ಬೈದಳು. ಎಲ್ಲ ಸರಿಯಾಗಿದೆ ಎಂದುಕೊಂಡೆ. ಮತ್ತೆ ಮೂರು ದಿನ ಬಿಟ್ಟು ನೀರು ಕಾಯಿಸಲು ಎದ್ದಾಗ ಒಳಕೋಣೆಯಿಂದ, "ಬ್ಯಾಡ," ಎಂದಳು. ಅಷ್ಟೇ. ಹುಣ್ಣಾದೀತು ಎಂದೆ. "ಆಗಲಿ," ಎಂದಳು.

ಮೂಡಲಗಿಯಲ್ಲಿ ಒಬ್ಬ ಹೆಂಗಸು ಇದ್ದಾಳೆಂದು ಹೇಳಿದ್ದು ಅಕ್ಕನ ಜೊತೆ ಹಿಂದೆ ಕೆಲಸ ಮಾಡಿದ ಟೀಚರು. ಗಂಡ ತೀರಿಕೊಂಡು ಎಷ್ಟೋ ವರ್ಷ. ಹಾಸಿಗೆ ಹಿಡಿದ ಅತ್ತೆಯನ್ನು ಒಂಬತ್ತು ವರ್ಷ ನೋಡಿಕೊಂಡವಳು, ಬೆನ್ನಿಗೆ ಒಂದು ಗುಳ್ಳೆ ಏಳಲು ಬಿಟ್ಟಿರಲಿಲ್ಲವಂತೆ. ಅತ್ತೆ ಹೋದ ಮೇಲೆ ಖಾಸಗಿ ದವಾಖಾನೆಯಲ್ಲಿ ಆಯಾ ಆಗಿದ್ದಳು, ಈಗ ಅಣ್ಣನ ಮನೆಯಲ್ಲಿದ್ದಳು. ಫೋನಿನಲ್ಲಿ ಕೇಳಿದರೆ ಮತ್ತೆ ಅದೇ ಪ್ರಶ್ನೆ ಬರುತ್ತದೆಂದು ನಾನೇ ಹೋದೆ. ಬಸ್ಸಿನ ತುಂಬ ಅರಭಾವಿಯ ತೋಟಗಾರಿಕೆ ಕಾಲೇಜಿನ ಹುಡುಗ ಹುಡುಗಿಯರು. ಅವರು ಇಳಿದ ಮೇಲೆ ಬಸ್ಸು ಖಾಲಿಯಾಯಿತು. ದಾರಿಯುದ್ದಕ್ಕೂ ಉತ್ತರ ಅಭ್ಯಾಸ ಮಾಡಿದೆ: ಬಾಜೂಮನೆಯಲ್ಲಿ ಹೆಣ್ಣುಮಕ್ಕಳಿದ್ದಾರೆ, ನಾನು ಹಗಲೆಲ್ಲ ಕಾಲೇಜಿನಲ್ಲಿರುತ್ತೇನೆ, ಎದುರಿಗೆ ರಸ್ತೆಯಿದೆ.

ಮನೆಯ ಮುಂದೆ ಟಂಟಂ ರಿಕ್ಷಾ ನಿಂತಿತ್ತು, ಅದು ಅವಳ ಅಣ್ಣನದು. ಕಟ್ಟೆಯ ಮೇಲೆ ಕೂತಿದ್ದವರು ಅವಳ ತಾಯಿಯ ತಂಗಿ, ಎಲ್ಲರೂ ಖಾಲಾ ಎನ್ನುತ್ತಿದ್ದರು. ಮಾತಾಡಿದ್ದು ಖಾಲಾ ಒಬ್ಬರೇ. ಆ ಹೆಣ್ಣುಮಗಳು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು, ಅವಳ ಕೈಬೆರಳಷ್ಟೇ ನನಗೆ ಕಾಣುತ್ತಿತ್ತು. ನಾನು ಬೆನ್ನುಹುರಿಯ ವಿಷಯ, ಕೆಂಪು ಚರ್ಮದ ವಿಷಯ ಹೇಳಿದೆ. ಖಾಲಾ ಎಲೆ ಅಡಿಕೆ ಜಗಿಯುತ್ತ ಪೂರ್ತಿ ಕೇಳಿದರು.

"ಮನ್ಯಾಗ ಹೆಣ್ಮಕ್ಕಳು ಯಾರದಾರ್ರಿ ಸರ?"

ಅಭ್ಯಾಸ ಮಾಡಿದ್ದು ಹಾರಿಹೋಯಿತು. "ಯಾರೂ ಇಲ್ರಿ," ಎಂದೆ. "ನಾನು, ನಮ್ಮ ಅಕ್ಕ. ಅಷ್ಟ."

ಖಾಲಾ ಜಗಿಯುವುದನ್ನು ನಿಲ್ಲಿಸಿದರು. "ಅಕ್ಕಾರು ಹೆಣ್ಮಗಳಲ್ಲೇನ್ರಿ?"

ಬಾಗಿಲ ಮರೆಯ ಬೆರಳು ಒಳಗೆ ಸರಿದವು. ನಗು ತಡೆದುಕೊಂಡಿರಬೇಕು.

"ಆದಿತ್ಯವಾರ ಬಂದು ನೋಡತೀವಿ," ಎಂದರು ಖಾಲಾ. "ನಿಮ್ಮನ್ನಲ್ಲ. ಆ ಮನಿ ಹೆಣ್ಮಗಳನ್ನ."

ಮನೆಗೆ ಬಂದು ಅಕ್ಕನಿಗೆ ಇದನ್ನು ಹೇಳಿದೆ. ತಮಾಷೆಯಾಗಿ ಹೇಳಲು ಹೋದೆ. ಅವಳು ನಗಲಿಲ್ಲ. "ಏಳು ಮಂದಿಗೆ ಯಾರೂ ಇಲ್ಲ ಅಂದಿ," ಎಂದಳು, "ನಾನೂ ಇಲ್ಲಿ ಬಿದ್ದಲ್ಲೆ ಬಿದ್ದು, ಇದ್ದೇನೋ ಇಲ್ಲೋ ಅಂತ ಕೈ ಚಿವುಟಿ ನೋಡ್ಕೊಂತಿದ್ದೆ." ಏಳೋ ನಾಲ್ಕೋ ಎಂಬ ವಾದವನ್ನು ನಾನು ಮತ್ತೆ ಎತ್ತಲಿಲ್ಲ.

ಆದಿತ್ಯವಾರ ಬೆಳಿಗ್ಗೆ ಅಕ್ಕ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆಸಿದಳು. ಉಡಲಾಗುವುದಿಲ್ಲ. ನೈಟಿಯ ಮೇಲೆ ಹೊದ್ದುಕೊಂಡು ಸೆರಗನ್ನು ಹೆಗಲ ಮೇಲೆ ತಾನೇ ಸರಿಮಾಡಿಕೊಂಡು, ತಲೆದಿಂಬಿಗೆ ಒರಗಿ ಕೂತಳು. ಕನ್ಯಾ ನೋಡಲು ಬರುವವರಿಗೆ ಕಾದ ಹಾಗೆ ಕಾದೆವು. ಆ ಭಾಗ್ಯ ನಮ್ಮ ಮನೆಯಲ್ಲಿ ಹಿಂದೆ ಕೂಡಿ ಬಂದಿರಲಿಲ್ಲ. ನಾನು ಚುರಮುರಿ ತೋಯಿಸಿ ಸುಸಲಾ ಮಾಡಿದೆ. ಉಪ್ಪು ಹಾಕಿದೆನೋ ಇಲ್ಲವೋ ನೆನಪಾಗದೆ ಮತ್ತೊಮ್ಮೆ ಹಾಕಿದೆ. ಖಾಲಾ ಒಂದು ತುತ್ತು ಬಾಯಿಗಿಟ್ಟುಕೊಂಡು, ನಿಧಾನವಾಗಿ ನುಂಗಿ, "ಉಪ್ಪಿನ ಋಣ ಈಗ ಭಾಳ ಆತ್ರಿ ಸರ," ಎಂದು ತಟ್ಟೆ ಬದಿಗಿಟ್ಟರು. ಒಳಗಿನಿಂದ ಅಕ್ಕ, ಅದನ್ನು ಎರಡು ವರ್ಷದಿಂದ ತಾನು ತಿನ್ನುತ್ತಿದ್ದೇನೆಂದು ಕೂಗಿ ಹೇಳಿದಳು.

ಆ ಹೆಣ್ಣುಮಗಳು ಮೊದಲು ನೋಡಿದ್ದು ಬಚ್ಚಲು. ನಲವತ್ತರ ಆಸುಪಾಸಿನವಳು, ಗಟ್ಟಿ ಮೈ, ಕಡಿಮೆ ಮಾತು. ಬಚ್ಚಲಿನ ಕುರ್ಚಿಯನ್ನು ಅಲುಗಾಡಿಸಿ ನೋಡಿದಳು, ನೆಲಕ್ಕೆ ಕಾಲು ಉಜ್ಜಿ ಜಾರುತ್ತದೆಯೋ ನೋಡಿದಳು. ಆಮೇಲೆ ಬಾಗಿಲನ್ನು ಒಳಗಿನಿಂದ ಮುಚ್ಚಿ, ತೆರೆದು, "ಖಾಲಾ, ಒಳಗ ಚಿಲಕ ಇಲ್ಲ," ಎಂದಳು. ಅದು ಮುರಿದು ಒಂದೆರಡು ವರ್ಷವಾಗಿತ್ತು. ಅಕ್ಕನಿಗೆ ಹಾಕಲು ಬರುವುದಿಲ್ಲ, ಇನ್ನು ಯಾರಿಗೆ ಬೇಕು ಎಂದು ನಾನು ಸರಿ ಮಾಡಿಸಿರಲಿಲ್ಲ. ಹಾಗೆಂದೇ ವಿವರಿಸಿದೆ. ಖಾಲಾ ನನ್ನನ್ನು ನೋಡಿದರು.

ನಂತರ ಇಬ್ಬರೂ ಅಕ್ಕನ ಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡರು. ಹೊರಗಿರಿ ಎಂದು ನನಗೆ ಯಾರೂ ಹೇಳಲಿಲ್ಲ, ಹೇಳುವ ಅಗತ್ಯವಿದೆ ಎಂದು ಅವರಿಗೆ ಅನಿಸಿರಲಿಕ್ಕಿಲ್ಲ. ನಾನು ಕಟ್ಟೆಗೆ ಬಂದು, ಇಬ್ಬರನ್ನೂ ಕರೆತಂದಿದ್ದ ಅವಳ ಅಣ್ಣನ ಬಾಜೂ ಕೂತೆ. ಅವನು ಟಂಟಂನ ಗಾಜು ಒರೆಸಿ ಬಂದಿದ್ದ. ಏನು ಕಲಿಸುತ್ತೀರಿ ಎಂದು ಕೇಳಿದ. ಇತಿಹಾಸ ಎಂದೆ.

"ಹಂಗಾರ ಆಗಿದ್ದೆಲ್ಲಾ ನೆನಪ ಇರತೈತಿ ಬಿಡ್ರಿ ನಿಮಗ," ಎಂದ. ಮೆಚ್ಚಿಯೇ ಹೇಳಿದ್ದ.

ಮುಚ್ಚಿದ ಬಾಗಿಲಿನ ಆಚೆ ಅಕ್ಕನನ್ನು ಏನು ಕೇಳುತ್ತಿರಬಹುದು ಎಂದು ಊಹಿಸುವುದು ಕಷ್ಟವಿರಲಿಲ್ಲ. ನಿಮ್ಮ ತಮ್ಮ ಎಂಥವನು. ಇಂಥ ಮನೆಗೆ ನಮ್ಮ ಹೆಣ್ಣುಮಗಳನ್ನು ಕಳಿಸಬಹುದೇ. ಅಕ್ಕ ಏನು ಹೇಳುತ್ತಾಳೆ ಎಂಬುದರ ಮೇಲೆ ಎಲ್ಲ ನಿಂತಿತ್ತು: ಅವಳ ಸ್ನಾನ, ಅವಳ ಬೆನ್ನು, ಬೆಳಗಾವಿಯ ದಾರಿ. ಅಲ್ಲಿ ಕೂತಾಗ ಮೊದಲ ಸಲ ಆ ಹನ್ನೊಂದನೆಯ ದಿನ ಎದುರಿಗೆ ಬಂದು ಕೂತಿತು. ಅವಳು ಆತು ಎಂದಿದ್ದಳೇ? ದನಿಯನ್ನು ನೆನಪಿಸಿಕೊಳ್ಳಲು ನೋಡಿದೆ. ಬಾಯ್ಲರಿನ ಹೊಗೆ ನೆನಪಿಗೆ ಬಂತು, ನನ್ನ ದನಿ ಬಂತು, ಅವಳ ದನಿ ಬರಲಿಲ್ಲ. ಹಿಂದೆ ಬೇರೆ ಯಾವುದಕ್ಕೋ ಅವಳು ಅಂದ ಆತು ಒಂದನ್ನು ತಂದು ಆ ಬೆಳಗಿಗೆ ನಾನೇ ಅಂಟಿಸಿದ್ದೆನೋ ಏನೋ. ಕಾಗದದ ಮೇಲಿನ ನಕಲಿಯನ್ನು ಕಂಡುಹಿಡಿಯಲು ನನಗೆ ಗೊತ್ತು. ಇದಕ್ಕೆ ಮೂಲ ಪ್ರತಿಯೇ ಇರಲಿಲ್ಲ.

ಒಳಗೆ ಅಕ್ಕ ನಕ್ಕಳು. ಜೋರಾಗಿ, ಹುಕ್ಕೇರಿಯ ದಿನಗಳ ಹಾಗೆ. ಆಮೇಲೆ ಬಹಳ ಹೊತ್ತು ಸಣ್ಣ ದನಿಯ ಮಾತು. ಅರ್ಧ ತಾಸು ಆಗಿರಬೇಕಲ್ಲ ಎಂದೆ ಅಣ್ಣನಿಗೆ. ಅವನು ಫೋನ್ ನೋಡಿ, "ಹತ್ತ ಮಿನಿಟ ಆತ್ರಿ," ಎಂದ.

ಖಾಲಾ ಹೊರಗೆ ಬಂದು ಚಪ್ಪಲಿ ಮೆಟ್ಟಿದರು. ನನ್ನ ಕಡೆ ತಿರುಗಿದರು.

"ಬರತಾಳ್ರಿ. ದಿನಾ ಮುಂಜಾನೆ ಎಂಟೂವರಿಗೆ ಇವ ಬಿಟ್ಟು ಹೋಗತಾನ. ಬಚ್ಚಲಕ್ಕ ಚಿಲಕ ಹಾಕಸ್ರಿ. ಇನ್ನೊಂದು ಮಾತ. ಜಳಕ ಮುಗಿಯೂಮಟ ನೀವು ಮನ್ಯಾಗ ಇರಬಾರದು."

ಆಗಲಿ ಎಂದೆ. ನಿಮ್ಮ ಮನೆತನದ ಮರ್ಯಾದೆಯ ಪ್ರಶ್ನೆ, ನನಗೆ ಅರ್ಥವಾಗುತ್ತದೆ ಎಂದು ದೊಡ್ಡ ಮನಸ್ಸಿನವನ ಹಾಗೆ ಏನೋ ಸೇರಿಸಿದೆ.

"ನಮ್ಮ ಮಾತಲ್ರಿ ಅದು," ಎಂದರು ಖಾಲಾ. "ನಾವು ಚಿಲಕ ಅಷ್ಟ ಕೇಳಿದ್ವಿ. ಇದು ಅಕ್ಕಾರ ಮಾತ."

ಟಂಟಂ ಹೋಯಿತು. ನಾನು ಬಡಿಗನನ್ನು ಕರೆಯಲು ಹೋದೆ. ಅಕ್ಕನ ಮುಖ ನೋಡುವುದಕ್ಕಿಂತ ಅದು ಸುಲಭವಾಗಿತ್ತು.

ಮೊದಲ ದಿನ ಎಂಟೂವರೆಗೆ ಆ ಹೆಣ್ಣುಮಗಳು ಬಂದಳು. ಅಕ್ಕನನ್ನು ಎತ್ತಲು ನಾನು ಮುಂದೆ ಬಂದೆ. ಅವಳು ಬೇಡ ಎಂದು ಕೈ ಮಾಡಿ, ಹಾಸಿಗೆಯ ಚಾದರವನ್ನೇ ಹಿಡಿದು ಅಕ್ಕನನ್ನು ಗಾಲಿಕುರ್ಚಿಗೆ ಜಾರಿಸಿಕೊಂಡಳು. ಮೂರು ವರ್ಷ ನಾನು ಬೆನ್ನು ನೋಯಿಸಿಕೊಂಡು ಎತ್ತಿದ್ದೆ. ಚಪ್ಪಲಿ ಹಾಕಿಕೊಂಡು ಬಾಗಿಲು ದಾಟುವಾಗ ಹಿಂದೆ ಹೊಸ ಚಿಲಕ ಬಿದ್ದ ಸದ್ದು ಕೇಳಿಸಿತು. ಕಾಲೇಜಿಗೆ ಇನ್ನೂ ಹೊತ್ತಿತ್ತು, ಎಲ್ಲಿಗೆ ಹೋಗಬೇಕೆಂದು ಯೋಚಿಸಿಯೇ ಇರಲಿಲ್ಲ. ಬಸ್ ಸ್ಟ್ಯಾಂಡಿಗೆ ಹೋಗಿ ಹುಕ್ಕೇರಿಯ ಬಸ್ಸು ಬರುವುದನ್ನೂ ಹೋಗುವುದನ್ನೂ ನೋಡುತ್ತ ಕೂತೆ. ಎರಡು ಚಹಾ ಕುಡಿದೆ, ಅಥವಾ ಮೂರು. ಮನೆಯಲ್ಲಿ ಆ ಹೊತ್ತಿಗೆ ಆಗುತ್ತಿದ್ದುದಕ್ಕೆ ನಾನು ಯಾವ ರೀತಿಯಲ್ಲೂ ಬೇಕಾಗಿರಲಿಲ್ಲ. ಮೂರು ವರ್ಷದಿಂದ ನಾನು ಬಯಸಿದ್ದೂ ಅದನ್ನೇ. ಆದರೂ ಕೂತಲ್ಲಿ ಕೂರಲಾಗಲಿಲ್ಲ.

ಹತ್ತು ಗಂಟೆಗೆ ಮರಳಿದಾಗ ಆ ಹೆಣ್ಣುಮಗಳು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು, ಮನೆಯಲ್ಲಿ ಸೀಗೆಕಾಯಿಯ ವಾಸನೆ. ಅಕ್ಕನ ಕೂದಲು ತಲೆದಿಂಬಿನ ಹಿಂದೆ ಟವೆಲ್ಲಿನ ಮೇಲೆ ಹರಡಿತ್ತು, ಬಿಳಿಯಾದದ್ದು ಎಷ್ಟೆಂದು ಆಗಲೇ ಕಂಡದ್ದು. ಬೆನ್ನು ಹೇಗಿದೆ ಎಂದು ಕೇಳಿದೆ. ಕೆಂಪು ಹಾಗೇ ಇದೆ, ಬಾಯಿ ಬಿಟ್ಟಿಲ್ಲ, ಇನ್ನು ಮೇಲೆ ನೋಡಬೇಕು ಎಂದು ಆ ಹೆಣ್ಣುಮಗಳು ಹೇಳಿದ್ದಾಳೆ ಎಂದಳು. ನಾನು ಹೋಗದೆ ಬಾಗಿಲ ಚೌಕಟ್ಟು ಹಿಡಿದು ನಿಂತೆ.

"ಅಕ್ಕಾ, ಅವತ್ತ ನೀ ಆತು ಅಂದಿದ್ದೆ ಏನು?"

ಯಾವತ್ತು ಎಂದು ಅವಳು ಕೇಳಲಿಲ್ಲ. ಫ್ಯಾನಿನ ಗಾಳಿಗೆ ಮುಖದ ಮೇಲೆ ಬಂದ ಕೂದಲನ್ನು ಸರಿಸಿಕೊಂಡಳು.

"ನೀ ಏನು ಕೇಳಿದ್ದೆ ಅನ್ನೂದನ್ನ ಮೊದಲ ನೆನಪ ಮಾಡ್ಕೊ, ತಮ್ಮಾ."

ಸಿಟ್ಟಿರಲಿಲ್ಲ ಆ ದನಿಯಲ್ಲಿ. ಲೆಕ್ಕ ತಪ್ಪಿದ ಹುಡುಗನಿಗೆ ಮತ್ತೊಮ್ಮೆ ಮೊದಲಿನಿಂದ ಮಾಡು ಎನ್ನುವ ಅಕ್ಕಾರ ದನಿ. ನಾನು ಪಡಸಾಲೆಗೆ ಬಂದು ಕುರ್ಚಿಯಲ್ಲಿ ಕೂತು ಮೊದಲಿನಿಂದ ಮಾಡಿದೆ. ನೀರು ಕಾಯಿಸಿದೆ. ಮುಂದೆ ನಿಂತೆ. ದೇಹವೆಂದರೆ ದೇಹ. ಓದಿದವರು. ಆಸ್ಪತ್ರೆ. ನಾಚಿಕೆ. ಭಾಷಣ ಮೊದಲಿನಿಂದ ಕೊನೆಯವರೆಗೆ ನೆನಪಿದೆ. ಅದರಲ್ಲಿ ಎಲ್ಲಿಯೂ ಒಂದು ಪ್ರಶ್ನೆ ಸಿಗಲಿಲ್ಲ. ಅವಳು ಏನೆಂದಳು ಎಂದು ಇಷ್ಟು ದಿನ ಹುಡುಕುತ್ತಿದ್ದೆ. ನಾನು ಕೇಳಿದ್ದೆನೇ ಎಂದು ಒಮ್ಮೆಯೂ ಅನುಮಾನಪಟ್ಟಿರಲಿಲ್ಲ.

ಈಗ ಕೇಳಬಹುದಿತ್ತು. ಎದ್ದು ಒಳಗೆ ಹೋಗಿ, ಯಾವುದಕ್ಕೆಂದು ಗೊತ್ತಿಲ್ಲದಿದ್ದರೂ, ಏನಾದರೂ ಕೇಳಬಹುದಿತ್ತು. ಅಕ್ಕ ನಿದ್ದೆ ಹೋಗಿದ್ದಳು. ಅಥವಾ ಕಣ್ಣು ಮುಚ್ಚಿಕೊಂಡಿದ್ದಳು.

ಮರುದಿನ ಎಂಟೂಕಾಲಿಗೇ ಚಪ್ಪಲಿ ಹಾಕಿಕೊಂಡು ಕಟ್ಟೆಯ ಮೇಲೆ ಕೂತು ಟಂಟಂನ ದಾರಿ ಕಾಯತೊಡಗಿದೆ. ಬರದಿದ್ದರೆ ಏನು ಮಾಡಬೇಕೆಂದು ನನಗೆ ತಿಳಿದಿರಲಿಲ್ಲ. ಎಂಟೂವರೆ ದಾಟಿ ನಾಲ್ಕು ನಿಮಿಷಕ್ಕೆ ಬಂತು. ಫೋನ್ ನೋಡಿಯೇ ಹೇಳುತ್ತಿದ್ದೇನೆ.